ಬೆಕ್ಕಿನ ಬಾಯಾರಿಕೆ

ವಯಸ್ಸಾದ ಬೆಕ್ಕು ಹೆಚ್ಚು ನೀರು ಕುಡಿಯತೊಡಗಿದರೆ ಮನೆಯವರಿಗೆ ಸಮಾಧಾನವಾಗುತ್ತದೆ. ಬೆಕ್ಕು ನೀರಿನ ಬಟ್ಟಲಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಸಾಕಿದವರೆಲ್ಲರ ಹಳೆಯ ದೂರು. ಹಾಗಿರುವಾಗ ಹನ್ನೆರಡು ವರ್ಷದ ಬೆಕ್ಕು ಬಟ್ಟಲು ಖಾಲಿ ಮಾಡಿ, ಬಚ್ಚಲಲ್ಲಿ ನಿಂತ ನೀರಿಗೂ ನಾಲಿಗೆ ಚಾಚಿದರೆ, ‘ಪರವಾಗಿಲ್ಲ, ಈಗಲಾದರೂ ಬುದ್ಧಿ ಬಂತು’ ಎನ್ನುತ್ತಾರೆ. ಬೇಸಿಗೆಯಾದರೆ ಕಾರಣವನ್ನೂ ಹುಡುಕಬೇಕಾಗಿಲ್ಲ. ಕೆಲವು ವಾರಗಳಲ್ಲಿ ಮರಳಿನ ಟ್ರೇ ಬೇಗ ಬೇಗ ಒದ್ದೆಯಾಗುವುದು ಕಣ್ಣಿಗೆ ಬೀಳುತ್ತದೆ. ಅದಕ್ಕೂ ವಿವರಣೆ ಉಂಟು: ಹೆಚ್ಚು ಕುಡಿಯುತ್ತದೆ, ಹೆಚ್ಚು ಉಚ್ಚೆ ಹೊಯ್ಯುತ್ತದೆ. ಒಂದು ದಿನ ಹಾಸಿಗೆ ಒದ್ದೆಯಾಯಿತೆಂದು ರಾತ್ರಿ ಹೊತ್ತು ನೀರಿನ ಬಟ್ಟಲನ್ನೇ ಎತ್ತಿಡುವವರೂ ಇದ್ದಾರೆ.

ಈ ತರ್ಕ ತಲೆಕೆಳಗಾಗಿದೆ. ಬೆಕ್ಕು ಹೆಚ್ಚು ಕುಡಿಯುವುದರಿಂದ ಹೆಚ್ಚು ಉಚ್ಚೆ ಹೊಯ್ಯುತ್ತಿಲ್ಲ; ಉಚ್ಚೆಯಲ್ಲಿ ನೀರು ಹರಿದುಹೋಗುತ್ತಿರುವುದರಿಂದ ಕುಡಿಯುತ್ತಿದೆ. ನಮ್ಮ ಮನೆಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ತನಗೆ ಬೇಕಾದ ನೀರಿನ ಬಹುಪಾಲನ್ನು ಬೇಟೆಯ ಮಾಂಸದಿಂದಲೇ ಪಡೆದು, ಮೂತ್ರವನ್ನು ಬಹಳ ಗಟ್ಟಿಯಾಗಿ ಹೊರಹಾಕಿ, ಹನಿ ನೀರನ್ನೂ ಉಳಿಸಿಕೊಂಡು ಬದುಕಿದ ವಂಶ ಅದು. ಆ ಜಿಪುಣತನವನ್ನು ನಡೆಸುವುದು ಮೂತ್ರಪಿಂಡ. ಅದರ ಶಕ್ತಿ ಕುಂದಿದಾಗ ನೀರನ್ನು ಹಿಡಿದಿಡಲಾಗದೆ ಮೂತ್ರ ತೆಳುವಾಗುತ್ತದೆ, ದೇಹ ಒಣಗುತ್ತದೆ, ಬಾಯಾರುತ್ತದೆ. ಇಂಥ ಪ್ರಾಣಿಯ ಮುಂದಿನಿಂದ ಬಟ್ಟಲು ಎತ್ತಿಟ್ಟರೆ ಉಳಿದಿರುವ ಮೂತ್ರಪಿಂಡವನ್ನೂ ನಾವೇ ಹಾಳುಮಾಡಿದಂತೆ. ಕಾರಣವನ್ನು ಪರಿಣಾಮವೆಂದೂ ಪರಿಣಾಮವನ್ನು ಕಾರಣವೆಂದೂ ತಿಳಿಯುವುದು ತರ್ಕಶಾಸ್ತ್ರದ ಪಾಠದಲ್ಲಿ ಒಂದು ಅಂಕ ಕಳೆಯುವ ತಪ್ಪು. ಇಲ್ಲಿ ಅದಕ್ಕೆ ಬೆಲೆ ತೆರುವುದು ತಪ್ಪು ಮಾಡಿದವರಲ್ಲ.

ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಬೆಕ್ಕುಗಳಲ್ಲಿ ತೀರ ಸಾಮಾನ್ಯ. ಹತ್ತು ವರ್ಷ ದಾಟಿದವುಗಳಲ್ಲಿ ಸುಮಾರು ಮೂರಕ್ಕೊಂದು ಈ ಕಾಯಿಲೆಯ ಯಾವುದಾದರೂ ಹಂತದಲ್ಲಿರುತ್ತದೆ ಎಂಬುದು ಪಶುವೈದ್ಯರಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಮನುಷ್ಯನ ಒಂದೊಂದು ಮೂತ್ರಪಿಂಡದಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ನೆಫ್ರಾನ್‌ಗಳಿದ್ದರೆ ಬೆಕ್ಕಿನದರಲ್ಲಿ 2 ಲಕ್ಷದಷ್ಟು. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಅದರ ಕೆಲಸವನ್ನು ಉಳಿದವು ಹಂಚಿಕೊಳ್ಳುತ್ತವೆ. ಎಷ್ಟು ಚೆನ್ನಾಗಿ ಹಂಚಿಕೊಳ್ಳುತ್ತವೆಂದರೆ ಮೂರರಲ್ಲಿ ಎರಡು ಪಾಲು ಹೋಗುವ ತನಕ ಮೂತ್ರ ತೆಳುವಾಗುವುದಿಲ್ಲ. ನಾಲ್ಕರಲ್ಲಿ ಮೂರು ಪಾಲು ಹೋಗುವ ತನಕ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಮಿತಿ ಮೀರುವುದಿಲ್ಲ. ಇಷ್ಟರ ಮೇಲೆ ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯೇ ಅಲ್ಲ. ಬೇಟೆಯಾಡುವ ಪ್ರಾಣಿಯಾದರೂ ತಾನೇ ಇನ್ನೊಂದಕ್ಕೆ ಆಹಾರವಾಗುವಷ್ಟು ಸಣ್ಣದು. ಸೊರಗಿದ್ದೇನೆಂದು ಸಾರಿದರೆ ಕಾಡಿನಲ್ಲಿ ಉಳಿಗಾಲವಿಲ್ಲ. ಹೀಗಾಗಿ ಊಟ ಬಿಟ್ಟು, ವಾಂತಿ ಮಾಡಿಕೊಂಡು, ಬಾಯಿ ವಾಸನೆ ಬರುತ್ತಿರುವ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದವರು ‘ಡಾಕ್ಟ್ರೇ, ಮೊನ್ನೆವರೆಗೂ ಚೆನ್ನಾಗಿತ್ತು’ ಎಂದಾಗ ಸುಳ್ಳೇನೂ ಹೇಳುತ್ತಿರುವುದಿಲ್ಲ. ಅವರಿಗೆ ಕಂಡಷ್ಟು ಮಟ್ಟಿಗೆ ಚೆನ್ನಾಗಿಯೇ ಇತ್ತು.

ಕಾಣುವುದಕ್ಕೆ ಏನು ಬೇಕಿತ್ತು? ದುಬಾರಿ ಯಂತ್ರವೇನೂ ಅಲ್ಲ. 2016ರಲ್ಲಿ ಪ್ರಕಟವಾದ, ಐನೂರಕ್ಕೂ ಹೆಚ್ಚು ಬೆಕ್ಕುಗಳ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ ರೋಗ ಪತ್ತೆಯಾಗುವುದಕ್ಕೆ ಮೂರು ವರ್ಷ ಮೊದಲೇ ಅವುಗಳ ತೂಕ ಇಳಿಯತೊಡಗಿತ್ತು. ಪತ್ತೆಯಾಗುವ ಹಿಂದಿನ ಒಂದು ವರ್ಷದಲ್ಲಿ ಇಳಿದದ್ದು, ಮಧ್ಯಾಂಕ ಲೆಕ್ಕದಲ್ಲಿ, ದೇಹತೂಕದ ಶೇ. 8.9. ನಾಲ್ಕು ಕಿಲೋ ಬೆಕ್ಕಿಗೆ ಇದು 350 ಗ್ರಾಂನಷ್ಟಾಗುತ್ತದೆ. ತೊಡೆಯ ಮೇಲೆ ದಿನವೂ ಮಲಗುವ ಬೆಕ್ಕು ವರ್ಷವಿಡೀ ಕರಗುತ್ತ 350 ಗ್ರಾಂ ಇಳಿದರೆ ತೊಡೆಗೆ ತಿಳಿಯದು. ಆರು ತಿಂಗಳಿಗೊಮ್ಮೆ ಬರುವ ನೆಂಟರು ‘ಏನ್ರೀ, ನಿಮ್ಮ ಬೆಕ್ಕು ಇಷ್ಟು ಸೊರಗಿದೆ?’ ಎಂದಾಗಲೇ ಮನೆಯವರು ಬೆಚ್ಚುವುದು. ಅಂಗನವಾಡಿಯಲ್ಲಿ ಮಕ್ಕಳನ್ನು ತಿಂಗಳು ತಿಂಗಳೂ ತೂಗಿ ಬರೆದಿಡುವುದು ತಾಯಂದಿರ ಪ್ರೀತಿಯ ಮೇಲೆ ಸಂಶಯದಿಂದಲ್ಲ. ದಿನವೂ ಎತ್ತಿಕೊಳ್ಳುವ ಕೈಗೆ ತೂಕ ಇಳಿದದ್ದು ಗೊತ್ತಾಗುವುದಿಲ್ಲ ಎಂಬ ಸರಳ ಕಾರಣಕ್ಕೆ. ಬೆಕ್ಕಿಗೂ ಅದೇ ಸಾಕು: ಒಂದು ತಕ್ಕಡಿ, ಒಂದು ಚೀಟಿ, ತಿಂಗಳಿಗೊಮ್ಮೆ ಒಂದು ಅಂಕಿ.

ಪ್ರೀತಿ ಇದ್ದರೆ ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆಯನ್ನು ನಾನು ಅನುಮಾನಿಸುವುದು ಇಲ್ಲಿಂದ. ಈ ನಂಬಿಕೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಬೆಕ್ಕನ್ನು ತೂಗಿ ಬರೆದಿಡುವವರನ್ನು ಸ್ವಲ್ಪ ತಲೆ ಕೆಟ್ಟವರೆಂದೂ, ‘ನಮ್ಮ ಚಿನ್ನಿಗೆ ಏನಾದರೂ ಆದರೆ ನನ್ನ ಮನಸ್ಸಿಗೆ ಗೊತ್ತಾಗುತ್ತೆ’ ಎನ್ನುವವರನ್ನು ಕರುಣಾಳುಗಳೆಂದೂ ಲೆಕ್ಕ ಹಾಕುತ್ತೇವೆ. ಮನಸ್ಸಿಗೆ ಗೊತ್ತಾಗುವುದು ಮನಸ್ಸಿನ ಸಂಗತಿಗಳು ಮಾತ್ರ. ಮೂತ್ರಪಿಂಡ ಸೋತು ರಕ್ತದಲ್ಲಿ ರಂಜಕ ಏರುತ್ತಿರುವುದು ಅದಕ್ಕೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೈತಿಕತೆಯ ಬಗ್ಗೆ ಒಂದು ಪ್ರಬಂಧ ಬರೆದ. ಎರಡೇ ವರ್ಷದಲ್ಲಿ, 33ರ ವಯಸ್ಸಿಗೆ, ತೀರಿಕೊಂಡ. ಆ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಆಗಬೇಕೇನೋ ಎಂಬ ಅನುಮಾನ ಅವನಿಗೇ ಇದೆ. ಆದರೆ ಇಷ್ಟು ಸಲ ಹೋಗಿಬಂದ ಹಡಗು, ದೇವರಿದ್ದಾನೆ ಎಂದು ಅನುಮಾನವನ್ನು ಅದುಮಿ, ವಲಸೆ ಹೊರಟ ಕುಟುಂಬಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಹಡಗು ಗಟ್ಟಿಯಾಗಿದೆಯೆಂದು ಅವನು ಮನಸಾರೆ ನಂಬಿದ್ದು ನಿಜ. ಆದರೂ ಅವನು ತಪ್ಪಿತಸ್ಥ ಎನ್ನುತ್ತಾನೆ ಕ್ಲಿಫರ್ಡ್, ಏಕೆಂದರೆ ಆ ನಂಬಿಕೆಯನ್ನು ಅವನು ಪರೀಕ್ಷಿಸಿ ಗಳಿಸಲಿಲ್ಲ. ಇಲ್ಲಿಗೆ ನಿಲ್ಲದೆ ಇನ್ನೂ ಕಠಿಣವಾದ ಮಾತು ಸೇರಿಸುತ್ತಾನೆ: ಹಡಗು ಮುಳುಗದೆ ದಡ ಸೇರಿದ್ದರೂ ತಪ್ಪು ತಪ್ಪೇ, ಸಿಕ್ಕಿಬೀಳುತ್ತಿರಲಿಲ್ಲ ಅಷ್ಟೆ.

ಕ್ಲಿಫರ್ಡ್ ಹೇಳಿದ್ದನ್ನು ಹಾಗೇ ಎತ್ತಿ ಬೆಕ್ಕು ಸಾಕಿದ ಎಲ್ಲರ ತಲೆಗೆ ಕಟ್ಟುವುದು ಅನ್ಯಾಯ. ಮಲೆನಾಡಿನ ಅಡಕೆ ತೋಟದ ಮನೆಯಲ್ಲಿ ಇಲಿ ಹಿಡಿಯಲು ಇರುವ ಬೆಕ್ಕು ಹತ್ತು ವರ್ಷ ಮುಟ್ಟುವುದೇ ಅಪರೂಪ. ನಾಯಿ, ಹಾವು, ರಸ್ತೆ ಇವು ಮೂತ್ರಪಿಂಡಕ್ಕೆ ಸರದಿ ಬರಲು ಬಿಡುವುದಿಲ್ಲ. ಅಲ್ಲಿನ ಸರ್ಕಾರಿ ಪಶು ಆಸ್ಪತ್ರೆಗೆ ಹಸು ಎಮ್ಮೆಗಳ ಕೆಲಸವೇ ತಲೆತುಂಬ. ಹೊಣೆ ಶುರುವಾಗುವುದು ತಿಳಿಯುವ ದಾರಿ ಕೈಗೆಟುಕುವಲ್ಲಿ. ಬೆಂಗಳೂರಿನ ಫ್ಲ್ಯಾಟಿನ ನಾಲ್ಕು ಗೋಡೆಗಳೊಳಗೆ ಬೆಕ್ಕನ್ನು ಇಟ್ಟುಕೊಂಡು, ಅದರ ಆಯಸ್ಸನ್ನು ನಾವೇ ಹದಿನೈದಕ್ಕೆ ಎಳೆದಿದ್ದೇವೆ. ಎಳೆದ ಮೇಲೆ ಆ ಕೊನೆಯ ವರ್ಷಗಳಲ್ಲಿ ಏನಾಗುತ್ತದೆ ಎಂಬುದೂ ನಮ್ಮ ಲೆಕ್ಕಕ್ಕೇ ಸೇರಬೇಕು.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಪರೀಕ್ಷೆಯೂ ಅಗ್ಗದ್ದೇ. ರಿಫ್ರಾಕ್ಟೋಮೀಟರ್ ಎಂಬ ಅಂಗೈಯಗಲದ ಉಪಕರಣದ ಮೇಲೆ ಒಂದು ಹನಿ ಮೂತ್ರ ಬಿಟ್ಟು ಬೆಳಕಿಗೆ ಹಿಡಿದರೆ ಅದರ ಸಾಂದ್ರತೆ ಕಾಣುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ಸಾಮಾನ್ಯವಾಗಿ 1.035ಕ್ಕಿಂತ ಮೇಲಿರುತ್ತದೆ. ಮತ್ತೆ ಮತ್ತೆ ಕೆಳಗೇ ಬಂದರೆ ಮುಂದೆ ಹುಡುಕಬೇಕು. ಕ್ರಿಯಾಟಿನಿನ್ ಹಳೆಯ ಪರೀಕ್ಷೆ, ಇಂದಿಗೂ ಆಧಾರ. 1998ರಲ್ಲಿ ಶುರುವಾದ ಐರಿಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದೂ ಮುಖ್ಯವಾಗಿ ಅದರ ಮೇಲೆಯೇ. ಆದರೆ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಮುದಿ ಬೆಕ್ಕಿನಲ್ಲಿ ಸ್ನಾಯು ಕರಗಿದಂತೆ ಅದೂ ಇಳಿಯುತ್ತದೆ. ಅಂದರೆ ಯಾವ ಬೆಕ್ಕಿಗೆ ಪರೀಕ್ಷೆಯ ಅಗತ್ಯ ಹೆಚ್ಚೋ ಅದರಲ್ಲೇ ಪರೀಕ್ಷೆ ಹೆಚ್ಚು ಮೋಸ ಮಾಡುತ್ತದೆ. 2015ರಿಂದ ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಪಶುವೈದ್ಯಕೀಯದಲ್ಲಿ ಬಳಕೆಗೆ ಬಂತು. ಮನುಷ್ಯರ ಮೂತ್ರದಲ್ಲಿ ಈ ವಸ್ತುವನ್ನು 1970ರಲ್ಲೇ ಗುರುತಿಸಲಾಗಿತ್ತು. ಇದು ಸ್ನಾಯುವಿನ ಗಾತ್ರಕ್ಕೆ ಜಗ್ಗುವುದಿಲ್ಲ. ಮೂತ್ರಪಿಂಡದ ಶಕ್ತಿ ಸರಾಸರಿ ಶೇ. 40ರಷ್ಟು ಕುಂದುವಾಗಲೇ ಏರುತ್ತದೆ. ಒಂದು ಅಧ್ಯಯನದಲ್ಲಿ ಕ್ರಿಯಾಟಿನಿನ್‌ಗಿಂತ ಸರಾಸರಿ 17 ತಿಂಗಳು ಮುಂಚೆ ಎಚ್ಚರಿಸಿತ್ತು.

ಆ ಅಧ್ಯಯನದಲ್ಲಿದ್ದದ್ದು ಎರಡು ಡಜನ್‌ಗೂ ಕಡಿಮೆ ರೋಗಿ ಬೆಕ್ಕುಗಳು. ನಡೆಸಿದವರಲ್ಲಿ ಪರೀಕ್ಷೆ ಮಾರುವ ಕಂಪನಿಯವರೂ ಆಹಾರ ಮಾರುವ ಕಂಪನಿಯವರೂ ಇದ್ದರು. ಇದನ್ನು ಹೇಳದೆ ಹೊಗಳುವುದು ವೈಚಾರಿಕತೆಯ ಲಕ್ಷಣವಲ್ಲ. ಮೊದಲೇ ಪತ್ತೆಹಚ್ಚಿ ಎನ್ನುವ ಪ್ರತಿ ಜಾಹೀರಾತಿನ ಹಿಂದೆಯೂ ಒಂದು ಬಿಲ್ಲು ಇರುತ್ತದೆ. ‘ಮೊದಲೇ ಪತ್ತೆಯಾದವು ಹೆಚ್ಚು ಕಾಲ ಬದುಕುತ್ತವೆ’ ಎಂಬ ಮಾತಿನೊಳಗೆ ಒಂದು ಮೋಸವೂ ಅಡಗಿರಬಹುದು. ಒಂದೇ ದಿನ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದೇ ದಿನ ಸಾಯುವ ಎರಡು ಬೆಕ್ಕುಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಹನ್ನೊಂದರಲ್ಲಿ ಕಾಯಿಲೆ ಪತ್ತೆಯಾಯಿತು, ಇನ್ನೊಂದಕ್ಕೆ ಹದಿಮೂರರಲ್ಲಿ. ಮೊದಲನೆಯದು ಪತ್ತೆಯಾದ ಮೇಲೆ ಮೂರು ವರ್ಷ ಬದುಕಿತು, ಎರಡನೆಯದು ಒಂದೇ ವರ್ಷ. ಕಾಗದದ ಮೇಲೆ ಎರಡು ವರ್ಷದ ಲಾಭ, ಬೆಕ್ಕಿಗೆ ಒಂದು ದಿನದ್ದೂ ಇಲ್ಲ. ಮನೆಯವರ ಆತಂಕಕ್ಕೆ ಮಾತ್ರ ಎರಡು ವರ್ಷ ಹೆಚ್ಚು.

ಹಾಗಾದರೆ ಮೊದಲೇ ತಿಳಿದು ಲಾಭವೇನು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪರೀಕ್ಷೆಯಲ್ಲ, ಚಿಕಿತ್ಸೆ. ಇಲ್ಲಿ ಗಟ್ಟಿ ನೆಲವಿದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡನೆಯ ಮತ್ತು ಮೂರನೆಯ ಹಂತದ 45 ಬೆಕ್ಕುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 22ಕ್ಕೆ ರಂಜಕವೂ ಪ್ರೋಟೀನೂ ಕಡಿಮೆಯಿರುವ ಮೂತ್ರಪಿಂಡದ ಪಥ್ಯ, 23ಕ್ಕೆ ಮಾಮೂಲಿ ಬೆಕ್ಕಿನ ಆಹಾರ. ಯಾವುದು ಯಾರಿಗೆ ಎಂದು ಸಾಕಿದವರಿಗೂ ವೈದ್ಯರಿಗೂ ತಿಳಿಸಲಿಲ್ಲ. ಎರಡು ವರ್ಷದಲ್ಲಿ ಮಾಮೂಲಿ ಆಹಾರದ ಗುಂಪಿನಲ್ಲಿ 5 ಬೆಕ್ಕುಗಳು ಮೂತ್ರಪಿಂಡ ಸೋತು ಸತ್ತವು. ಪಥ್ಯದ ಗುಂಪಿನಲ್ಲಿ ಒಂದೂ ಇಲ್ಲ. ಎರಡೂ ಗುಂಪಿಗೆ ಗಡಿಯಾರ ಒಂದೇ ಹೊತ್ತಿಗೆ ಶುರುವಾದದ್ದರಿಂದ ಮೇಲೆ ಹೇಳಿದ ಮೋಸಕ್ಕೆ ಇಲ್ಲಿ ಎಡೆಯಿಲ್ಲ. ರಕ್ತದೊತ್ತಡದ ಕಥೆಯೂ ಇಂಥದ್ದೇ. ಈ ಕಾಯಿಲೆಯ ಬೆಕ್ಕುಗಳಲ್ಲಿ ಸುಮಾರು ಐದಕ್ಕೊಂದಕ್ಕೆ ಬಿ.ಪಿ. ಏರಿರುತ್ತದೆ. ಅಳೆಯದೆ ಬಿಟ್ಟರೆ ಒಂದು ಬೆಳಗ್ಗೆ ಅಕ್ಷಿಪಟಲ ಕಳಚಿ ಬೆಕ್ಕು ಕುರುಡಾಗಿ ಗೋಡೆಗೆ ಹಾಯುತ್ತದೆ. ಅದನ್ನು ತಡೆಯುವ ಅಮ್ಲೋಡಿಪಿನ್ ನಮ್ಮ ಮನೆಗಳ ಹಿರಿಯರು ನುಂಗುವ ಅದೇ ಮಾತ್ರೆ; ಡೋಸು ಮಾತ್ರ ವೈದ್ಯರು ಹೇಳಿದಷ್ಟು.

ಉತ್ಸಾಹಕ್ಕೆ ಇನ್ನೊಂದು ಕಡಿವಾಣವೂ ಬೇಕು. ತೀರ ಆರಂಭದ ಹಂತದಲ್ಲೇ ರಂಜಕವನ್ನು ಕಟ್ಟುನಿಟ್ಟಾಗಿ ತಗ್ಗಿಸಿದ ಪಥ್ಯ ಕೊಟ್ಟಾಗ ಕೆಲವು ಬೆಕ್ಕುಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದನ್ನು ಈಚಿನ ಅಧ್ಯಯನಗಳು ತೋರಿಸಿವೆ. ಮೊದಲೇ ಪತ್ತೆ ಎಂದರೆ ಮೊದಲೇ ಎಲ್ಲ ಚಿಕಿತ್ಸೆ ಎಂದಲ್ಲ. ಮತ್ತೆ ಅಳೆಯುವುದು, ಕಲ್ಲು ಇದೆಯೇ ಸೋಂಕಿದೆಯೇ ಎಂದು ನೋಡುವುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ನೋವಿನ ಮಾತ್ರೆಗಳನ್ನು ತಪ್ಪಿಸುವುದು, ಹೂಗುಚ್ಛದ ಲಿಲ್ಲಿಯನ್ನು ಮನೆಯೊಳಗೆ ತರದಿರುವುದು (ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ದಿಢೀರನೆ ಕೈಕೊಡಬಹುದು), ಒಣ ಕಾಳಿನ ಬದಲು ಹಸಿ ಅಂಶದ ಆಹಾರ ಕೊಡುವುದು. ಇನ್ನು ಹಾಲು. ಸೊರಗಿದ ಬೆಕ್ಕಿಗೆ ಒಂದು ಲೋಟ ಹಾಲು ಹಾಕಿದರೆ ಸರಿಹೋಗುತ್ತದೆಂಬುದು ನಮ್ಮ ಮನೆಗಳ ಅಚಲ ಶ್ರದ್ಧೆ. ಹಾಲಿನಲ್ಲಿ ರಂಜಕ ಧಾರಾಳ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವೂ ಆಗದು. ಮಾಂಸವಿಲ್ಲದೆ ಬದುಕಲಾರದ ಪ್ರಾಣಿಗೆ ಮೊಸರನ್ನ ಕಲಸಿ ಹಾಕಿ, ಅದೂ ನಮ್ಮಂತೆ ಸಾತ್ವಿಕ ಎಂದು ಹೆಮ್ಮೆಪಡುವ ಮನೆಗಳೂ ಇವೆ. ಅಲ್ಲಿ ಹೊಟ್ಟೆ ತುಂಬುತ್ತಿರುವುದು ಸಾಕಿದವರ ಧರ್ಮದ್ದು.

ಜಪಾನಿನಲ್ಲಿ ತೋರು ಮಿಯಾಝಾಕಿ ಎಂಬ ವಿಜ್ಞಾನಿ ಎಐಎಂ ಎಂಬ ಪ್ರೋಟೀನ್ ಬೆಕ್ಕುಗಳ ಮೂತ್ರಪಿಂಡದಲ್ಲಿ ಸರಿಯಾಗಿ ಕೆಲಸ ಮಾಡದಿರುವುದೇ ಈ ಕಾಯಿಲೆಗೆ ಒಂದು ಕಾರಣವೆಂದು 2016ರಲ್ಲಿ ವಾದಿಸಿದರು. ಅದನ್ನು ಆಧರಿಸಿದ ಔಷಧದ ಸಂಶೋಧನೆಗೆ ಹಣ ನಿಂತಿದೆಯೆಂಬ ಸುದ್ದಿ 2021ರಲ್ಲಿ ಹೊರಬಿದ್ದಾಗ ಅಲ್ಲಿನ ಬೆಕ್ಕುಪ್ರಿಯರು ಕೋಟಿಗಟ್ಟಲೆ ಯೆನ್ ದೇಣಿಗೆ ಕಳಿಸಿದರು. ಒಳ್ಳೆಯದೇ. ಆದರೆ ಬರಲಿರುವ ಔಷಧಕ್ಕೆ ಹೀಗೆ ಕೈಬಿಚ್ಚುವ ನಾವು ಇವತ್ತೇ ಇರುವ ತಕ್ಕಡಿಯ ಮೇಲೆ ಬೆಕ್ಕನ್ನು ಕೂರಿಸಲು ಬೇಸರಪಡುತ್ತೇವೆ.

ಈ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಮನುಷ್ಯರಿಗೇ ಡಯಾಲಿಸಿಸ್ ಸಿಗದ ದೇಶದಲ್ಲಿ ಬೆಕ್ಕಿನ ಕಿಡ್ನಿಗೆ ಇಷ್ಟು ಮಾತೇ? ಪ್ರಶ್ನೆ ಹಗುರವಾದದ್ದಲ್ಲ. ಮನೆಯಲ್ಲಿ ಮಗುವಿನ ಶಾಲೆಯ ಫೀಸೋ ಬೆಕ್ಕಿನ ಪರೀಕ್ಷೆಯೋ ಎಂಬ ಸ್ಥಿತಿ ಬಂದರೆ ಫೀಸೇ ಮೊದಲು. ಅದಕ್ಕೆ ಯಾರೂ ನಾಚಬೇಕಾಗಿಲ್ಲ. ಆದರೆ ಈ ಪ್ರಶ್ನೆ ಕೇಳುವವರಲ್ಲಿ ಎಷ್ಟು ಮಂದಿ ಬೆಕ್ಕಿನಿಂದ ಉಳಿಸಿದ ಹಣವನ್ನು ಡಯಾಲಿಸಿಸ್ ರೋಗಿಗೆ ಕೊಟ್ಟಿದ್ದಾರೆ ಎಂದು ತಿರುಗಿ ಕೇಳಬಹುದು. ಮನುಷ್ಯರ ಕಥೆಯೂ ಬೇರೆಯೇನಲ್ಲ. ನಮ್ಮಲ್ಲಿ ಮೂತ್ರಪಿಂಡ ಕೆಡಿಸುವ ದೊಡ್ಡ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದು ನೋಡುವುದು ಸಣ್ಣ ಪಟ್ಟಣದ ಲ್ಯಾಬಿನಲ್ಲೂ ಆಗುವ ಕೆಲಸ. ಆದರೂ ಬಹಳಷ್ಟು ಜನ ಆಸ್ಪತ್ರೆ ಮುಟ್ಟುವುದು ಕಾಲು ಊದಿದ ಮೇಲೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುಮಾಡಿದ್ದು ಬೇಕಾದ ಕೆಲಸವೇ. ಯಂತ್ರ ಉದ್ಘಾಟಿಸಿದರೆ ಫೋಟೋ ಬರುತ್ತದೆ, ಐದು ವರ್ಷ ಮೊದಲೇ ಮಾಡಿಸಿದ ಮೂತ್ರಪರೀಕ್ಷೆಗೆ ಬರುವುದಿಲ್ಲ. ನೋಡದೆ ಇರುವ ಅಭ್ಯಾಸ ಎರಡೂ ಕಡೆ ಒಂದೇ.

ಇನ್ನೊಂದು ತುದಿಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯಲ್ಲಿ 1987ರಿಂದಲೇ ಬೆಕ್ಕುಗಳಿಗೆ ಮೂತ್ರಪಿಂಡ ಕಸಿ ಮಾಡಿದರು. ಮೂತ್ರಪಿಂಡ ಬರುವುದು ಇನ್ನೊಂದು ಜೀವಂತ ಬೆಕ್ಕಿನಿಂದ. ಹಾಗೆ ಕೊಟ್ಟ ಬೆಕ್ಕನ್ನೂ ರೋಗಿ ಬೆಕ್ಕಿನ ಮನೆಯವರೇ ಸಾಕಿಕೊಳ್ಳಬೇಕೆಂಬುದು ಇಂಥ ಕಾರ್ಯಕ್ರಮಗಳ ನಿಯಮ. ಯಾರೂ ಒಯ್ಯದೆ ಆಶ್ರಯಧಾಮದಲ್ಲಿ ಸಾಯಬಹುದಾಗಿದ್ದ ಬೆಕ್ಕಿಗೆ ಒಂದು ಮೂತ್ರಪಿಂಡ ಹೋಗಿ ಒಂದು ಮನೆ ಸಿಗುತ್ತದೆ. ವ್ಯವಹಾರ ಲಾಭದ್ದೇ ಎನ್ನುವವರಿದ್ದಾರೆ, ಇರಬಹುದು ಕೂಡ. ನನಗೆ ಮಾತ್ರ ಅದು ಇಳಿಯುವುದಿಲ್ಲ. ಮಾತು ಬಾರದ ಪ್ರಾಣಿಯ ಪರವಾಗಿ ನಾವು ನಿರ್ಧರಿಸುವಾಗ ಆ ನಿರ್ಧಾರ ಅದರ ಒಳಿತಿಗಿರಬೇಕು. ನಮ್ಮ ಪ್ರೀತಿಯ ಇನ್ನೊಂದು ಪ್ರಾಣಿಯ ಒಳಿತಿಗಲ್ಲ. ಸೂಜಿ ಚುಚ್ಚಿ ಎರಡು ಎಂ.ಎಲ್. ರಕ್ತ ತೆಗೆಯುವುದು ಆ ಗೆರೆಯ ಈಚೆಗಿದೆ, ಕಸಿ ಆಚೆಗಿದೆ.

ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯಗಳಿವೆ. 1976ರ ತಿದ್ದುಪಡಿಯಲ್ಲಿ ಸೇರಿದವು. ಜೀವಿಗಳಲ್ಲಿ ಅನುಕಂಪ ಇರಬೇಕೆಂಬುದು (ಜಿ). ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಬೆಳೆಸಿಕೊಳ್ಳಬೇಕೆಂಬುದು ಅದರ ಬೆನ್ನಿಗೇ ಬರುವ (ಎಚ್). ಮೊದಲನೆಯದನ್ನು ಪ್ರಾಣಿದಯೆಯವರು ಉಲ್ಲೇಖಿಸುತ್ತಾರೆ, ಎರಡನೆಯದನ್ನು ವಿಚಾರವಾದಿಗಳು. ಇಬ್ಬರೂ ಪಕ್ಕದ ಸಾಲನ್ನು ಓದುವುದು ಕಡಿಮೆ. ಜಿಜ್ಞಾಸೆಯಿಲ್ಲದ ಅನುಕಂಪದಿಂದ ಹುಟ್ಟುವ ‘ಅದರ ಆಯಸ್ಸು ಅಷ್ಟೇ ಇತ್ತು’ ಎಂಬ ಮಾತು ನಮ್ಮಲ್ಲಿ ಬೆಕ್ಕು ಸತ್ತಾಗಲೂ ಬರುತ್ತದೆ, ಅಜ್ಜ ಸತ್ತಾಗಲೂ ಬರುತ್ತದೆ. ದುಃಖದಲ್ಲಿರುವವರಿಗೆ ಅದು ಆಸರೆ, ಅವರಿಂದ ಕಿತ್ತುಕೊಳ್ಳುವ ಕ್ರೌರ್ಯ ನನಗೂ ಬೇಡ. ಆದರೆ ಬೆಕ್ಕು ಇನ್ನೂ ಬದುಕಿರುವಾಗಲೇ ಆ ಮಾತು ಬಂದರೆ ಅದು ಆಸರೆಯಲ್ಲ, ಹೊಣೆಯಿಂದ ರಜೆ.

ಸೂಜಿ ಚುಚ್ಚಿದರೆ ನೋಯುತ್ತದೆಂದು ಹತ್ತನೆಯ ವರ್ಷದಲ್ಲಿ ರಕ್ತಪರೀಕ್ಷೆ ಬೇಡವೆಂದವರೇ ಹದಿನಾಲ್ಕನೆಯ ವರ್ಷದಲ್ಲಿ, ಬೆಕ್ಕು ತಲೆ ಎತ್ತಲಾಗದೆ ಮಲಗಿದಾಗ, ದಿನವೂ ಗ್ಲೂಕೋಸ್ ಹಾಕಿಸಿ ಇನ್ನೂ ಒಂದು ವಾರ ಎಳೆಯಿರಿ ಎನ್ನುತ್ತಾರೆ. ಎರಡು ಸಲವೂ ಲೆಕ್ಕಕ್ಕೆ ಬಂದದ್ದು ತಮ್ಮ ಸಂಕಟ. ನಾಲ್ಕನೆಯ ಹಂತ ಮುಟ್ಟಿದ ಬೆಕ್ಕಿನ ವಿಷಯದಲ್ಲಿ ವೈದ್ಯರು ಕೇಳುವ ಪ್ರಶ್ನೆಗಳು ಸರಳವಾಗಿರುತ್ತವೆ: ತಾನಾಗಿ ತಿನ್ನುತ್ತಿದೆಯೇ, ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತಿದೆಯೇ, ಟ್ರೇ ತನಕ ನಡೆದು ಹೋಗುತ್ತಿದೆಯೇ, ಕರೆದರೆ ಕಿವಿ ತಿರುಗಿಸುತ್ತಿದೆಯೇ. ಇವಕ್ಕೆಲ್ಲ ಇಲ್ಲ ಎಂಬ ಉತ್ತರ ಬರುವ ದಿನಗಳೇ ಹೆಚ್ಚಾದಾಗ ದಯಾಮರಣದ ಮಾತೆತ್ತುವ ವೈದ್ಯರನ್ನು ಕಟುಕರೆಂದು ಬೈದು ಇನ್ನೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋಗುವವರು ಉಂಟು. ಕಾಯಿಲೆಯನ್ನು ಎರಡು ಮೂರು ವರ್ಷ ಹಿಂದೆಯೇ ಗುರುತಿಸಿ, ತೂಕದ ಚೀಟಿ ಇಟ್ಟುಕೊಂಡು ಬಂದ ಮನೆಗಳಲ್ಲಿ ಈ ಮಾತು ಸ್ವಲ್ಪ ಸಲೀಸಾಗಿ ನಡೆಯುತ್ತದೆ. ಅಂಕಿಗಳು ಇಳಿದದ್ದನ್ನು ಅವರು ತಿಂಗಳು ತಿಂಗಳೂ ತಮ್ಮ ಕೈಯಿಂದಲೇ ಬರೆದಿರುತ್ತಾರೆ. ವೈದ್ಯರು ಹೊಸದಾಗಿ ಹೇಳುವುದು ಹೆಚ್ಚೇನೂ ಉಳಿದಿರುವುದಿಲ್ಲ.